ಸಂಪಾದಕರ ಉತ್ತರ: ಶಕ್ತಿ ಇದೆ, ಕೆಲಸ ಇಲ್ಲ

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟೂ ಬಂತು ಅನ್ನಿ. ಹೋದ ಸಂಚಿಕೆಯ ಕಥೆಯಲ್ಲಿ, ಮುಟ್ಟಿದ್ದನ್ನೆಲ್ಲ ಹೆಪ್ಪುಗಟ್ಟಿಸುವ ಹುಡುಗ 12 ಪುಟ ಪೂರ್ತಿ ಕಳ್ಳರ ಜೊತೆ ಹೊಡೆದಾಡುತ್ತಾನೆ. "ಇಷ್ಟು ದೊಡ್ಡ ಶಕ್ತಿ ಇಟ್ಟುಕೊಂಡು ಬರೀ ಹೊಡೆದಾಟವಾ? ಲೇಖಕರಿಗೆ ತಲೆ ಇಲ್ವಾ?" ಅಂತ ಕೇಳಿದ್ದೀರಿ. ಆ ಕಥೆಯನ್ನು ಆರಿಸಿದ್ದು ನಾನು. ಹಾಗಾಗಿ ಬೈಗುಳದಲ್ಲಿ ಅರ್ಧ ಪಾಲು ನನ್ನದು.

ಮೊದಲು ಆ ಹುಡುಗನ ವಿಷಯ. ಕೊಳವನ್ನೇ ಅವನು ಕ್ಷಣದಲ್ಲಿ ಮಂಜುಗಡ್ಡೆ ಮಾಡುತ್ತಾನೆ, ಅಲ್ವಾ? 1 ಟನ್ ತಣ್ಣೀರು ಗಡ್ಡೆಯಾಗಬೇಕಾದರೆ ಸುಮಾರು 93 ಯೂನಿಟ್ ಕರೆಂಟಿಗೆ ಸಮನಾದ ಶಾಖ ಅದರಿಂದ ಹೊರಗೆ ಹೋಗಬೇಕು. ಎಲ್ಲಿಗೆ ಹೋಯಿತು? ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿನ ಬಿಸಿಯನ್ನು ಅದು ಹಿಂದಿನಿಂದ ಆಚೆ ಹಾಕುತ್ತದೆ. ಈ ಹುಡುಗನಿಗೂ ಅಂಥದ್ದೊಂದು ಹಿಂಬದಿ ಇರಲೇಬೇಕು, ಎಡಗೈಯಲ್ಲಿ ನೀರು ಗಡ್ಡೆಯಾದರೆ ಬಲಗೈಯಲ್ಲಿ ನೀರು ಕುದಿಯಬೇಕು. ಅಂದರೆ ಲೇಖಕರು ಒಂದು ಶಕ್ತಿ ಕೊಟ್ಟೆ ಅಂದುಕೊಂಡು ಎರಡು ಕೊಟ್ಟುಬಿಟ್ಟಿದ್ದಾರೆ, ಅದು ಅವರಿಗೂ ಗೊತ್ತಾಗಿಲ್ಲ, ಪ್ರೂಫ್ ನೋಡಿದ ನನಗೂ ಹೊಳೆಯಲಿಲ್ಲ.

ಅವನಿಗೆ ಕೆಲಸಕ್ಕೇನು ಬರವಿಲ್ಲ. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಎಂಆರ್‌ಐ ಯಂತ್ರದ ಆಯಸ್ಕಾಂತವನ್ನು ದ್ರವ ಹೀಲಿಯಂ ಹಾಕಿ ಸುಮಾರು ಮೈನಸ್ 269 ಡಿಗ್ರಿಯಲ್ಲಿ ಇಡುತ್ತಾರೆ, ಹೀಲಿಯಂ ಏನು ಬೇಕೆಂದಾಗ ಸಿಗುವ ವಸ್ತು ಅಲ್ಲ. ಈ ಹುಡುಗ ಆಸ್ಪತ್ರೆಯಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿದ್ದರೂ ಸಾಕಿತ್ತು.

ಆದರೆ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವವನು ಗೋಡೆ ತೂರಿ ಹೋಗುವವನು. ಎಷ್ಟು ಕಥೆಗಳಲ್ಲಿ ಬಂದಿದ್ದಾನೆ! ಖಜಾನೆಗೆ ನುಗ್ಗುತ್ತಾನೆ, ಜೈಲಿನಿಂದ ಹೊರಗೆ ಬರುತ್ತಾನೆ, ಮುಗೀತು. ಒಂದು ವಿಷಯ ಗಮನಿಸಿ. ಅವನು ಗೋಡೆ ದಾಟಿದಾಗ ಅಂಗಿ ಈಚೆ ಉಳಿಯುವುದಿಲ್ಲ, ಪಾದ ನೆಲದೊಳಗೆ ಇಳಿಯುವುದಿಲ್ಲ. ಅಂದಮೇಲೆ ಏನನ್ನು ತೂರಬೇಕು, ಏನನ್ನು ಜೊತೆಗೆ ಒಯ್ಯಬೇಕು ಅನ್ನುವುದು ಅವನಿಗೇ ಬಿಟ್ಟದ್ದು. ಈಗ ಅವನನ್ನು ಆಸ್ಪತ್ರೆಯ ತುರ್ತು ಘಟಕಕ್ಕೆ ಕರೆತನ್ನಿ. ಪುಟ್ಟ ಮಗು ಬಿಲ್ಲೆಯಂಥ ಬಟನ್ ಬ್ಯಾಟರಿ ನುಂಗಿದೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆಲ್ಲ ಸುಟ್ಟ ಗಾಯ ಮಾಡಬಲ್ಲದು. ಇವನು ಎರಡು ಬೆರಳನ್ನು ಮಗುವಿನ ಎದೆಯೊಳಗೆ ಇಳಿಸುತ್ತಾನೆ. ಚರ್ಮ ತಾಗುವುದಿಲ್ಲ, ಮೂಳೆ ತಾಗುವುದಿಲ್ಲ, ಕೊನೆಗೆ ಬೆರಳ ತುದಿಗೆ ಬಿಲ್ಲೆಯ ಅಂಚು ಮಾತ್ರ ತಾಗುತ್ತದೆ. ಹಿಡಿದು ಎಳೆದರೆ ಅವನ ಅಂಗಿ ಗೋಡೆ ದಾಟಿದ ಹಾಗೆ ಬ್ಯಾಟರಿಯೂ ಈಚೆ ಬರುತ್ತದೆ. ರಕ್ತ ಇಲ್ಲ, ಹೊಲಿಗೆ ಇಲ್ಲ. ಒಳಗೆ ಬೆರಳಿರುವಾಗ ಅವನಿಗೆ ಸೀನು ಬಂದರೆ? ನೋಡಿ, ಕಥೆಗೆ ಬೇಕಾದ ಭಯವೂ ಇಲ್ಲೇ ಸಿಕ್ಕಿತು, ಖಳನಾಯಕನ ಸಂಬಳ ಉಳಿಯಿತು.

ಎಲ್ಲಿಂದ ಎಲ್ಲಿಗೆ ಬೇಕಾದರೂ ತೆರೆಯುವ ಮಾಯದ ಬಾಗಿಲಿನ ಬಗ್ಗೆಯೂ ಕೇಳಿದ್ದೀರಿ. ಒಂದು ತುದಿ ಕಡಲ ತೀರದಲ್ಲಿ, ಇನ್ನೊಂದು ಎವರೆಸ್ಟ್ ಮೇಲೆ ಅಂತಿಟ್ಟುಕೊಳ್ಳಿ. ಮೇಲೆ ಗಾಳಿಯ ಒತ್ತಡ ಕೆಳಗಿನದರ ಮೂರನೇ ಒಂದು ಭಾಗ. 2 ಚದರ ಮೀಟರಿನ ಬಾಗಿಲನ್ನು ಗಾಳಿ ಸುಮಾರು 14 ಟನ್ ಭಾರದಷ್ಟು ಜೋರಾಗಿ ತಳ್ಳುತ್ತದೆ. ಕಥೆಗಳಲ್ಲಿ ನಾಯಕನ ಕೂದಲೂ ಅಲುಗುವುದಿಲ್ಲ! ಅಲ್ಲೊಂದು ಟರ್ಬೈನ್ ಸಿಕ್ಕಿಸಿದ್ದರೆ ಊರಿಗೆಲ್ಲ ಕರೆಂಟ್.

ಇಷ್ಟಾದರೂ ಲೇಖಕರಿಗೆ ತಲೆ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಥೆಯ ಶಕ್ತಿಗಳು ಎಷ್ಟೋ ಸಲ ಹುಟ್ಟುವುದೇ ಯಾವುದೋ ಒಂದು ಅನುಕೂಲಕ್ಕೆ. 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ಧಾರಾವಾಹಿಯಲ್ಲಿ ಜನರನ್ನು ಕರಗಿಸಿ ಗ್ರಹದ ಮೇಲೆ ಇಳಿಸುವ ಯಂತ್ರ ಬಂದದ್ದು ಯಾಕೆ ಗೊತ್ತಾ? ಪ್ರತಿ ಸಲ ನೌಕೆ ನೆಲಕ್ಕಿಳಿಯುವುದನ್ನು ತೋರಿಸಲು ಖರ್ಚು ಜಾಸ್ತಿ ಆಗುತ್ತಿತ್ತು. ದುಡ್ಡು ಉಳಿಯಿತು, ಯಂತ್ರದ ಕೆಲಸ ಆಯಿತು. ಅದರಿಂದ ರೋಗಿಯ ತಲೆಯೊಳಗಿನ ಗಡ್ಡೆಯನ್ನಷ್ಟೇ ಆಚೆ ಸಾಗಿಸಬಹುದಾ ಅಂತ ಯೋಚಿಸುವ ಪುರುಸೊತ್ತು ಆಗ ಯಾರಿಗಿತ್ತು?

ನಿಜ ಜೀವನದಲ್ಲಿ ಮಾತ್ರ ಯಾವುದೂ ಒಂದೇ ಕೆಲಸಕ್ಕೆ ನಿಲ್ಲುವುದಿಲ್ಲ. ರೇಡಾರಿಗೆಂದು ಮಾಡಿದ ಮ್ಯಾಗ್ನೆಟ್ರಾನ್, ಅಂದರೆ ಮೈಕ್ರೋವೇವ್ ಅಲೆಗಳನ್ನು ಹೊರಡಿಸುವ ಕೊಳವೆ, ಅದರ ಹತ್ತಿರ ನಿಂತಿದ್ದಾಗ ಅಮೆರಿಕದ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಜೇಬಿನಲ್ಲಿದ್ದ ಸಿಹಿ ಕರಗಿತು. ಅವರು ಜೇಬು ಒರೆಸಿಕೊಂಡು ಸುಮ್ಮನಾಗಲಿಲ್ಲ, 1945ರಲ್ಲಿ ಅದರಿಂದ ಅಡುಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಕೇಳಿದರು. ನಮ್ಮ ಕಥೆಗಳಲ್ಲಿ ಕಾಣದಿರುವುದು ಈ ಮನುಷ್ಯನೇ. ಶಕ್ತಿಯ ಪಕ್ಕದಲ್ಲಿ ನಿಂತು "ಇದರಿಂದ ಇನ್ನೇನು ಮಾಡಬಹುದು?" ಅಂತ ಕೇಳುವ ಒಬ್ಬ ಪಕ್ಕದ ಮನೆಯವನೂ ಅಲ್ಲಿ ಇರುವುದಿಲ್ಲ.

ಹಾಗೆ ಕೇಳುತ್ತಾ ಹೋದರೆ ಕಷ್ಟಗಳೆಲ್ಲ ತೀರಿ ಕಥೆಯೇ ಉಳಿಯುವುದಿಲ್ಲ ಅಂತ ಲೇಖಕರು ಹೆದರುತ್ತಾರೆ. ಅಕ್ಷಯಪಾತ್ರೆ ನೋಡಿ. ಎಷ್ಟು ಬಡಿಸಿದರೂ ಬರಿದಾಗದು, ಆದರೆ ದ್ರೌಪದಿ ಉಂಡಮೇಲೆ ಆ ದಿನಕ್ಕೆ ಮುಗಿಯಿತು. ದೂರ್ವಾಸರು ಶಿಷ್ಯರನ್ನು ಕಟ್ಟಿಕೊಂಡು ಬಂದದ್ದು ಅವಳು ಉಂಡಮೇಲೆಯೇ! ಪಾತ್ರೆ ದಿನವೂ ಊಟಕ್ಕೇ ಬಳಕೆಯಾಯಿತು, ಕಥೆಯೂ ಕೆಡಲಿಲ್ಲ.

ನಿಮ್ಮ ಪತ್ರವನ್ನು ಲೇಖಕರಿಗೆ ಕಳಿಸಿದ್ದೇನೆ, ಅವರ ಉತ್ತರ ಬಂದರೆ ಹಾಕುತ್ತೇವೆ. ಅಷ್ಟರೊಳಗೆ ನೀವೇ ಒಂದು ಬರೆದು ಕಳಿಸಿ. 1,500 ಪದ ಸಾಕು, ಹೊಡೆದಾಟ ಒಂದು ಪುಟ ಮೀರಬಾರದು. ಬ್ಯಾಟರಿ ನುಂಗಿದ ಮಗುವಿನ ಕಥೆ ಮಾತ್ರ ಮುಟ್ಟಬೇಡಿ, ಅದನ್ನು ನಾನೇ ಬರೆಯೋಣ ಅಂತಿದ್ದೇನೆ.