ಓದುಗರ ಪ್ರಶ್ನೆ, ನಮ್ಮ ಉತ್ತರ: ಡ್ರಾಫ್ಟ್ ಪಿಕ್ ಮತ್ತು ಐದು ವರ್ಷ ಮುಂದಿನ ತಂಡ

ಕೊಡಗಿನ ಅನೇಕ ಮನೆಗಳ ಮಕ್ಕಳು ಓದಿಗೋ ಕೆಲಸಕ್ಕೋ ಮೆಲ್ಬರ್ನ್, ಪರ್ತ್‌ಗಳಲ್ಲಿ ನೆಲೆಸಿರುವುದರಿಂದ ಈ ಅಂಕಣಕ್ಕೆ ಹಾಕಿ ಪ್ರಶ್ನೆಗಳ ನಡುವೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಕುರಿತ ಪತ್ರಗಳೂ ಬರತೊಡಗಿವೆ. ಈ ಬಾರಿ ಬಂದವುಗಳಲ್ಲಿ ಹೆಚ್ಚಿನವು ಆಟದ ನಿಯಮವನ್ನಲ್ಲ, ತಂಡ ಕಟ್ಟುವ ಬಗೆಯನ್ನು ಕೇಳಿವೆ. ಆದ್ದರಿಂದ ಅವುಗಳನ್ನು ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ನನ್ನ ಮಗ ಕಾರ್ಲ್ಟನ್ ಕ್ಲಬ್‌ನ ಅಭಿಮಾನಿ. ಒಂದು ಕಾಲದಲ್ಲಿ ಸತತ ಮೂರು ವರ್ಷ ದೇಶದ ಅತ್ಯುತ್ತಮ ಹುಡುಗನನ್ನು ಆರಿಸುವ ಮೊದಲ ಅವಕಾಶ ಆ ಕ್ಲಬ್‌ಗೇ ಸಿಕ್ಕಿತ್ತಂತೆ. ಆದರೂ ಕಪ್ ಬರಲಿಲ್ಲವಂತೆ. ಇದು ಹೇಗೆ? ನಮ್ಮ ಐಪಿಎಲ್ ಹರಾಜಿಗೂ ಇದಕ್ಕೂ ಏನು ವ್ಯತ್ಯಾಸ? (ವಿರಾಜಪೇಟೆಯ ಓದುಗರು)

ಉತ್ತರ: ಹರಾಜಿನಲ್ಲಿ ಹಣ ಮಾತಾಡುತ್ತದೆ, ಡ್ರಾಫ್ಟ್‌ನಲ್ಲಿ ಸರದಿ ಮಾತಾಡುತ್ತದೆ. ಹಿಂದೆ ವಿಕ್ಟೋರಿಯಾದ ಕ್ಲಬ್‌ಗಳಿಗೆ ಒಂದೊಂದು ಗ್ರಾಮಾಂತರ ಪ್ರದೇಶವನ್ನು ಹಂಚಿಕೊಡಲಾಗಿತ್ತು. ಒಳ್ಳೆಯ ಆಟಗಾರರು ಹುಟ್ಟುವ ಪ್ರದೇಶ ಯಾರ ಪಾಲಿಗೆ ಬಂದಿತ್ತೋ ಅವರೇ ಗೆಲ್ಲುತ್ತಿದ್ದರು. 1985ರಲ್ಲಿ ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯನ್ನೂ 1986ರಲ್ಲಿ ಡ್ರಾಫ್ಟ್ ಪದ್ಧತಿಯನ್ನೂ ತಂದದ್ದು ಈ ಏರುಪೇರನ್ನು ಸರಿಪಡಿಸುವುದಕ್ಕೆ. ಆಯಾ ವರ್ಷದ ಕೊನೆಯೊಳಗೆ 18 ತುಂಬುವ ಹುಡುಗರು ಡ್ರಾಫ್ಟ್‌ಗೆ ಹೆಸರು ಕೊಡುತ್ತಾರೆ. ಅಂಕಪಟ್ಟಿಯಲ್ಲಿ ಕೊನೆಗೆ ನಿಂತ ಕ್ಲಬ್ ಮೊದಲು ಆರಿಸುತ್ತದೆ, ಚಾಂಪಿಯನ್ ಆದ ಕ್ಲಬ್ ಸುತ್ತಿನ ಕೊನೆಗೆ ಆರಿಸುತ್ತದೆ. ಹೀಗೆ ಆರಿಸುವ ಒಂದೊಂದು ಸರದಿಯೇ ಪಿಕ್. ಯಾವ ಕ್ಲಬ್‌ಗೆ ಹೋಗಬೇಕೆಂಬುದು ಹುಡುಗನ ಕೈಯಲ್ಲಿ ಇರುವುದಿಲ್ಲ.

ಇನ್ನು ಕಾರ್ಲ್ಟನ್ ವಿಷಯ. 2005ರಲ್ಲಿ ಮಾರ್ಕ್ ಮರ್ಫಿ, 2006ರಲ್ಲಿ ಬ್ರೈಸ್ ಗಿಬ್ಸ್, 2007ರಲ್ಲಿ ಮ್ಯಾಥ್ಯೂ ಕ್ರೂಜರ್ ಮೂವರೂ ಮೊದಲ ಪಿಕ್‌ನಲ್ಲಿ ಆ ಕ್ಲಬ್‌ಗೆ ಬಂದವರು. ಆರಿಸುವಲ್ಲಿ ಕ್ಲಬ್ ಎಡವಲಿಲ್ಲ. ಮರ್ಫಿಯಂತೂ 300 ಪಂದ್ಯ ಆಡಿ ನಿವೃತ್ತರಾದರು. ಆದರೆ ಆ ಕ್ಲಬ್ ಕೊನೆಯ ಬಾರಿ ಪ್ರೀಮಿಯರ್‌ಶಿಪ್, ಅಂದರೆ ಲೀಗ್‌ನ ಕಪ್, ಗೆದ್ದದ್ದು 1995ರಲ್ಲಿ. 2007ರ ಕೊನೆಯಲ್ಲಿ ವೆಸ್ಟ್ ಕೋಸ್ಟ್‌ನಿಂದ ಕ್ರಿಸ್ ಜಡ್ ಅವರನ್ನು ಕರೆತರಲು ಮೂರನೆಯ ಪಿಕ್ ಜತೆಗೆ ಜಾಶ್ ಕೆನಡಿ ಎಂಬ ಎಳೆಯ ಫಾರ್ವರ್ಡ್ ಆಟಗಾರನನ್ನೂ ಬಿಟ್ಟುಕೊಟ್ಟಿತು. ಜಡ್ 2010ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನ ಬ್ರೌನ್‌ಲೋ ಪದಕ ಗೆದ್ದರು, ಆ ಮಟ್ಟಿಗೆ ವ್ಯವಹಾರ ನಷ್ಟದ್ದಲ್ಲ. ಅತ್ತ ಕೆನಡಿ ವೆಸ್ಟ್ ಕೋಸ್ಟ್‌ನಲ್ಲಿ ವರ್ಷಗಟ್ಟಲೆ ಗೋಲು ಹೊಡೆಯುತ್ತಾ 2018ರ ಕಪ್ ಎತ್ತಿದರು. ನನ್ನ ದೃಷ್ಟಿಯಲ್ಲಿ ಕಾರ್ಲ್ಟನ್‌ಗೆ ಕೊರತೆಯಾದದ್ದು ಮೊದಲ ಪಿಕ್ ಅಲ್ಲ. ಆ ಮೂವರ ಸುತ್ತ ಅವರದೇ ವಯಸ್ಸಿನ ಹತ್ತು ಹನ್ನೆರಡು ಗಟ್ಟಿ ಆಟಗಾರರು.

ಹಾಥಾರ್ನ್ ಕ್ಲಬ್ಬನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. 2001ರಲ್ಲಿ ಆ ಕ್ಲಬ್ ಟ್ರೆಂಟ್ ಕ್ರೋಡ್ ಮತ್ತು ಲ್ಯೂಕ್ ಮೆಕ್‌ಫಾರ್ಲಿನ್ ಅವರನ್ನು ಫ್ರೀಮ್ಯಾಂಟಲ್‌ಗೆ ಕೊಟ್ಟು 1, 20 ಮತ್ತು 36ನೇ ಪಿಕ್‌ಗಳನ್ನು ಪಡೆಯಿತು. 1ನೇ ಪಿಕ್‌ನಲ್ಲಿ ಲ್ಯೂಕ್ ಹಾಜ್ ಬಂದರು, 36ರಲ್ಲಿ ಸ್ಯಾಮ್ ಮಿಚೆಲ್ ಬಂದರು. 2004ರಲ್ಲಿ 2, 5 ಮತ್ತು 7ನೇ ಪಿಕ್‌ಗಳಲ್ಲಿ ಜಾರಿಡ್ ರಫ್‌ಹೆಡ್, ಲ್ಯಾನ್ಸ್ ಫ್ರಾಂಕ್ಲಿನ್, ಜೋರ್ಡನ್ ಲೂಯಿಸ್ ಸೇರಿದರು. 2008ರಲ್ಲಿ ಮಿಚೆಲ್ ನಾಯಕತ್ವದಲ್ಲಿ ಒಂದು ಕಪ್, 2013ರಿಂದ 2015ರವರೆಗೆ ಹಾಜ್ ನಾಯಕತ್ವದಲ್ಲಿ ಸತತ ಮೂರು. ಕ್ರೋಡ್ ಕೂಡ ಮುಂದೆ ಹಾಥಾರ್ನ್‌ಗೇ ಮರಳಿ 2008ರ ತಂಡದಲ್ಲಿ ಆಡಿದರೆಂಬುದು ಈ ಕಥೆಯ ತಮಾಷೆ. ನಿಮ್ಮ ಮಗನಿಗೆ ಇದನ್ನು ಮೆಲ್ಲಗೆ ಹೇಳಿ. ಕಾರ್ಲ್ಟನ್ ಅಭಿಮಾನಿಗಳಿಗೆ ಹಾಥಾರ್ನ್ ಹೆಸರು ಅಷ್ಟಾಗಿ ಹಿಡಿಸುವುದಿಲ್ಲ.

ಪ್ರಶ್ನೆ: ಮುಂದಿನ ವರ್ಷದ ಪಿಕ್ ಅನ್ನು ಈ ವರ್ಷವೇ ಬೇರೆ ಕ್ಲಬ್‌ಗೆ ಕೊಡಬಹುದಂತೆ. ಎಷ್ಟನೇ ಪಿಕ್ ಎಂದೇ ಗೊತ್ತಿಲ್ಲದಿರುವಾಗ ಅದಕ್ಕೆ ಬೆಲೆ ಕಟ್ಟುವುದಾದರೂ ಹೇಗೆ? (ನಾಪೋಕ್ಲು)

ಉತ್ತರ: ಬೆಲೆ ಕಟ್ಟುವವರು ನಿಜದಲ್ಲಿ ಅಂದಾಜು ಮಾಡುವುದು ಆ ಕ್ಲಬ್ ಬರುವ ವರ್ಷ ಎಷ್ಟು ಪಂದ್ಯ ಸೋಲುತ್ತದೆ ಎಂಬುದನ್ನು. 2018ರ ಡ್ರಾಫ್ಟ್ ನಡೆಯುತ್ತಿರುವಾಗಲೇ ಆದ ಒಂದು ವಿನಿಮಯವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಾರ್ಲ್ಟನ್‌ಗೆ ಲಿಯಮ್ ಸ್ಟಾಕರ್ ಎಂಬ ಹುಡುಗ ಬೇಕಾಗಿದ್ದ. ಅದಕ್ಕಾಗಿ ಅಡಿಲೇಡ್‌ನ 19ನೇ ಪಿಕ್ ಪಡೆದು, ಎರಡೂ ಕ್ಲಬ್‌ಗಳು 2019ರ ತಮ್ಮ ಮೊದಲ ಸುತ್ತಿನ ಪಿಕ್‌ಗಳನ್ನು ಅದಲುಬದಲು ಮಾಡಿಕೊಂಡವು. ತಾನು ಮೇಲೇರುತ್ತೇನೆ ಎಂಬುದು ಕಾರ್ಲ್ಟನ್‌ನ ಲೆಕ್ಕಾಚಾರ. 2019ರಲ್ಲಿ ಅದು ನಿಂತದ್ದು 16ನೇ ಸ್ಥಾನದಲ್ಲಿ, ಅಡಿಲೇಡ್ 11ನೇ ಸ್ಥಾನದಲ್ಲಿ. ಅಂದರೆ ಆರಂಭದ ಒಂದು ಒಳ್ಳೆಯ ಪಿಕ್ ಕಾರ್ಲ್ಟನ್‌ನ ಕೈತಪ್ಪಿತು. ಸ್ಟಾಕರ್ 2022ರ ನಂತರ ಆ ಕ್ಲಬ್‌ನಲ್ಲಿ ಉಳಿಯಲೂ ಇಲ್ಲ.

ಭವಿಷ್ಯದ ಪಿಕ್ ವಿನಿಮಯಕ್ಕೆ ಲೀಗ್ ಅನುಮತಿ ಕೊಟ್ಟದ್ದು 2015ರಲ್ಲಿ. ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ ಎರಡು ಬಾರಿಯಾದರೂ ಮೊದಲ ಸುತ್ತಿನಲ್ಲಿ ಆರಿಸಲೇಬೇಕು ಎಂಬ ಷರತ್ತನ್ನೂ ಆಗಲೇ ಹಾಕಿತು. ಕೆಲಸ ಉಳಿಸಿಕೊಳ್ಳುವ ಒತ್ತಡದಲ್ಲಿರುವ ಕೋಚ್ ಮೂರು ವರ್ಷದ ನಂತರ ಬಲಿಯುವ ಹುಡುಗನಿಗಾಗಿ ಕಾಯುವುದಿಲ್ಲ. ಅವನಿಗೆ ಈ ಏಪ್ರಿಲ್‌ನಲ್ಲೇ ಗೆಲ್ಲಬೇಕು. ಕ್ಲಬ್ಬನ್ನು ಅದರ ಇಂದಿನ ಆಡಳಿತಗಾರರಿಂದ ಕಾಪಾಡಲು ಹಾಕಿದ ಈ ಷರತ್ತು ಇಡೀ ವ್ಯವಸ್ಥೆಯಲ್ಲೇ ಅತ್ಯಂತ ವಿವೇಕದ್ದು ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ಅಲ್ಲಿಯೂ ತಂದೆ ಆಡಿದ ಕ್ಲಬ್‌ಗೇ ಮಗ ಹೋಗಬಹುದು ಎಂದು ಓದಿದೆ. ಹಾಗಿದ್ದರೆ ಅದು ನಮ್ಮ ಕೌಟುಂಬಿಕ ಹಾಕಿಯಂತೆಯೇ ಅಲ್ಲವೇ? (ಪೊನ್ನಂಪೇಟೆ)

ಉತ್ತರ: ಮೇಲ್ನೋಟಕ್ಕೆ ಮಾತ್ರ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ನಮ್ಮ ಹಬ್ಬದಲ್ಲಿ ಒಕ್ಕದ, ಅಂದರೆ ಕೊಡವ ಕುಲದ, ಹೆಸರೇ ಅರ್ಹತೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಇಳಿಯಬಹುದು, ಯಾರನ್ನೂ ಯಾರಿಗೂ ಕೊಡುವಂತಿಲ್ಲ. ಸೋತವರು ಮನೆಗೆ ಹೋಗುವ ನಾಕೌಟ್ ಪಂದ್ಯಾವಳಿಯಾದ್ದರಿಂದ ಸೋತದ್ದಕ್ಕೆ ಮುಂದಿನ ವರ್ಷ ಪರಿಹಾರವೂ ಇಲ್ಲ. ಆಸ್ಟ್ರೇಲಿಯಾದಲ್ಲಿ ತಂದೆ ಆ ಕ್ಲಬ್‌ಗಾಗಿ ಕನಿಷ್ಠ 100 ಪಂದ್ಯ ಆಡಿರಬೇಕು, ಅಷ್ಟೇ ಅಲ್ಲದೆ ಮಗನನ್ನು ಪಡೆಯಲು ಕ್ಲಬ್ ಬೆಲೆ ತೆರಬೇಕು.

ಆ ಬೆಲೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಾಣತನ ಅಡಗಿರುವುದು ಅಲ್ಲೇ. 2015ರಲ್ಲಿ ಪ್ರತಿಯೊಂದು ಪಿಕ್‌ಗೂ ಅಂಕ ನಿಗದಿಯಾಯಿತು: ಮೊದಲನೆಯದಕ್ಕೆ 3000, ನಾಲ್ಕನೆಯದಕ್ಕೆ 2034, ಹತ್ತನೆಯದಕ್ಕೆ 1395. ಹತ್ತನೆಯ ಪಿಕ್ ಎರಡಿದ್ದರೂ ಮೊದಲನೆಯದಕ್ಕೆ ಸಮವಾಗದು. ಬೇರೊಂದು ಕ್ಲಬ್ ನಾಲ್ಕನೆಯ ಪಿಕ್‌ನಲ್ಲಿ ಆ ಹುಡುಗನ ಹೆಸರು ಕೂಗಿದರೆ, ತಂದೆಯ ಕ್ಲಬ್ ಶೇ 20 ರಿಯಾಯಿತಿ ಕಳೆದು ಸುಮಾರು 1627 ಅಂಕಗಳನ್ನು ತನ್ನ ನಂತರದ ಪಿಕ್‌ಗಳಿಂದ ಒಟ್ಟುಗೂಡಿಸಿ ಕೊಟ್ಟು ಅವನನ್ನು ಉಳಿಸಿಕೊಳ್ಳಬಹುದಾಗಿತ್ತು. 2021ರಲ್ಲಿ ಕಾಲಿಂಗ್‌ವುಡ್ ಮಾಡಿದ್ದು ಇದನ್ನೇ. ಆ ಕ್ಲಬ್‌ಗೆ 250 ಪಂದ್ಯ ಆಡಿದ್ದ ಪೀಟರ್ ಡೈಕಾಸ್ ಅವರ ಮಗ ನಿಕ್ ಬರುತ್ತಾನೆಂಬುದು ಮೊದಲೇ ತಿಳಿದಿದ್ದರಿಂದ, ಕ್ಲಬ್ ತನ್ನ 2021ರ ಮೊದಲ ಸುತ್ತಿನ ಪಿಕ್ ಅನ್ನು ಒಂದು ವರ್ಷ ಮುಂಚೆಯೇ ಜಿಡಬ್ಲ್ಯೂಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ಕ್ಲಬ್‌ಗೆ ಕೊಟ್ಟುಬಿಟ್ಟಿತ್ತು. 2021ರಲ್ಲಿ ಕಾಲಿಂಗ್‌ವುಡ್ 17ನೇ ಸ್ಥಾನಕ್ಕೆ ಕುಸಿದು, ಕೊಟ್ಟ ಪಿಕ್ ಎರಡನೆಯದಾಗಿ ಪರಿಣಮಿಸಿದಾಗ ಅಭಿಮಾನಿಗಳು ತಲೆ ಚಚ್ಚಿಕೊಂಡಿರಬೇಕು. ಆದರೆ ಆ ಪಿಕ್ ಕೈಯಲ್ಲಿದ್ದಿದ್ದರೆ ಅದೇ ಡೈಕಾಸ್‌ಗಾಗಿ ಕರಗಿಹೋಗುತ್ತಿತ್ತು. ನಾಲ್ಕನೆಯ ಪಿಕ್‌ನಲ್ಲಿ ಗೋಲ್ಡ್ ಕೋಸ್ಟ್ ಹೆಸರು ಕೂಗಿತು, ಕಾಲಿಂಗ್‌ವುಡ್ ನಂತರದ ಪಿಕ್‌ಗಳ ಚಿಲ್ಲರೆ ಅಂಕ ಸೇರಿಸಿ ಹುಡುಗನನ್ನು ಪಡೆಯಿತು, 2023ರಲ್ಲಿ ಕಪ್ಪನ್ನೂ ಗೆದ್ದಿತು. ಇಂಥ ಚಿಲ್ಲರೆ ಲೆಕ್ಕದಿಂದ ಅತ್ಯುತ್ತಮ ಹುಡುಗರು ಅಗ್ಗವಾಗಿ ಸಿಗುತ್ತಾರೆಂಬ ದೂರು ಹೆಚ್ಚಾದ್ದರಿಂದ ಲೀಗ್ ಇತ್ತೀಚೆಗೆ ಅಂಕಗಳ ಪಟ್ಟಿಯನ್ನು ಬದಲಾಯಿಸಿ ರಿಯಾಯಿತಿಯನ್ನೂ ತಗ್ಗಿಸಿದೆ.

ಪ್ರಶ್ನೆ: ಒಂದು ಕ್ಲಬ್ ನಾಲ್ಕೈದು ವರ್ಷ ಮುಂದಿನ ತಂಡವನ್ನು ಕಾಗದದ ಮೇಲೆ ಯೋಜಿಸುವುದು ಹೇಗೆ? ನಾನು ಶಾಲಾ ಹಾಕಿ ತಂಡದ ಜವಾಬ್ದಾರಿ ಹೊತ್ತಿರುವುದರಿಂದ ಕುತೂಹಲ. (ಸೋಮವಾರಪೇಟೆ)

ಉತ್ತರ: ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಡಬದಿಯಲ್ಲಿ 18ರಿಂದ 34ರವರೆಗೆ ವಯಸ್ಸನ್ನು ಬರೆಯಿರಿ, ಮೇಲೆ ಡಿಫೆನ್ಸ್, ಮಿಡ್‌ಫೀಲ್ಡ್, ರಕ್, ಫಾರ್ವರ್ಡ್ ಎಂದು ನಾಲ್ಕು ಕಾಲಂ ಎಳೆಯಿರಿ. ಮೈದಾನಕ್ಕೆ ಇಳಿಯುವವರು 18 ಜನ, ಆದರೆ ಕ್ಲಬ್‌ನ ಪಟ್ಟಿಯಲ್ಲಿ ನಲವತ್ತರ ಆಸುಪಾಸಿನಲ್ಲಿ ಹೆಸರುಗಳಿರುತ್ತವೆ. ಒಂದೊಂದು ಹೆಸರನ್ನೂ ಅದರ ಮನೆಯಲ್ಲಿ ಬರೆದು ಪಕ್ಕದಲ್ಲಿ ಒಪ್ಪಂದ ಮುಗಿಯುವ ವರ್ಷವನ್ನು ಹಾಕಿದರೆ, ಎಲ್ಲಿ ಜನ ತುಂಬಿದ್ದಾರೆ, ಎಲ್ಲಿ ಮನೆ ಖಾಲಿ ಬಿದ್ದಿದೆ ಎಂಬುದು ಕಣ್ಣಿಗೆ ರಾಚುತ್ತದೆ. ಹೆಚ್ಚಿನವರ ಆಟ ಉತ್ತುಂಗಕ್ಕೆ ಬರುವುದು 24ರಿಂದ 28ರ ನಡುವೆ. ಆ ಸಾಲುಗಳು ಇಂದು ಬರಿದಾಗಿದ್ದು 20, 21ರ ಸಾಲು ತುಂಬಿದ್ದರೆ ಆ ಕ್ಲಬ್ ಕಾಯಬೇಕೇ ಹೊರತು ಅವಸರದಲ್ಲಿ 29ರ ಆಟಗಾರನಿಗಾಗಿ ಪಿಕ್ ಚೆಲ್ಲಬಾರದು. ಹುಡುಗರು ಬಲಿಯುವ ಹೊತ್ತಿಗೆ ಅವನು ನಿವೃತ್ತನಾಗಿರುತ್ತಾನೆ.

ಕಾಲಂಗಳೂ ಒಂದೇ ಬಗೆಯಲ್ಲಿ ಬಲಿಯುವುದಿಲ್ಲ. ಚೆಂಡನ್ನು ಮೇಲಕ್ಕೆ ಹಾಕಿದಾಗ ನೆಗೆದು ತಟ್ಟುವ ರಕ್ ಆಟಗಾರರು ಎತ್ತರದವರು, ಮೈಕಟ್ಟು ತುಂಬಲು ವರ್ಷಗಳು ಬೇಕು. ಮಿಡ್‌ಫೀಲ್ಡ್ ಹುಡುಗ ಎರಡನೆಯ ವರ್ಷದಲ್ಲೇ ತಂಡದಲ್ಲಿ ನೆಲೆಯೂರಬಹುದು. ಆದ್ದರಿಂದ ರಕ್ ಕಾಲಂನಲ್ಲಿ 31ರ ಒಬ್ಬನೇ ಇದ್ದರೆ ಅವನ ಉತ್ತರಾಧಿಕಾರಿಯನ್ನು ಈಗಾಗಲೇ ಆರಿಸಿರಬೇಕಿತ್ತು.

ಮತ್ತೊಂದು ಗೆರೆಯನ್ನು 26ರ ಬಳಿ ಕೆಂಪು ಶಾಯಿಯಲ್ಲಿ ಎಳೆಯಿರಿ. 2012ರಿಂದ ಜಾರಿಯಲ್ಲಿರುವ ಫ್ರೀ ಏಜೆನ್ಸಿ ನಿಯಮದಂತೆ ಎಂಟು ವರ್ಷ ಒಂದೇ ಕ್ಲಬ್‌ನಲ್ಲಿದ್ದವನು ಒಪ್ಪಂದ ಮುಗಿದಾಗ ಬೇರೆ ಕ್ಲಬ್‌ನ ಕೊಡುಗೆಯನ್ನು ಒಪ್ಪಬಹುದು. ಪ್ರಮುಖ ಆಟಗಾರನಾಗಿದ್ದರೆ ಹಳೆಯ ಕ್ಲಬ್‌ಗೆ ಅಷ್ಟೇ ಸಂಬಳ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಇರುತ್ತದೆ. 18ಕ್ಕೆ ಬಂದವನಿಗೆ ಈ ಬಾಗಿಲು ತೆರೆಯುವುದು ಸರಿಯಾಗಿ ಅವನ ಉತ್ತಮ ಕಾಲದಲ್ಲಿ. ಫ್ರಾಂಕ್ಲಿನ್ 2013ರ ಕಪ್ ಗೆದ್ದ ಬೆನ್ನಿಗೇ ಒಂಬತ್ತು ವರ್ಷದ ಒಪ್ಪಂದಕ್ಕೆ ಸಿಡ್ನಿಗೆ ಹೊರಟಾಗ ಹಾಥಾರ್ನ್‌ಗೆ ಸಿಕ್ಕದ್ದು ಪರಿಹಾರವಾಗಿ ಒಂದೇ ಒಂದು ಪಿಕ್. ಆದರೂ 2014ರ ಫೈನಲ್‌ನಲ್ಲಿ ಅದೇ ಫ್ರಾಂಕ್ಲಿನ್ ಇದ್ದ ಸಿಡ್ನಿಯನ್ನು ಸೋಲಿಸಿತು. ಹಾಳೆಯಲ್ಲಿ ಆ ಸಾಲು ತುಂಬಿದ್ದರ ಫಲ ಅದು.

ಹಾಳೆಯ ಆಚೆಗೂ ಒಂದು ಲೆಕ್ಕವಿದೆ. ಟಾಸ್ಮೇನಿಯಾಕ್ಕೆ 2023ರಲ್ಲಿ ಪರವಾನಗಿ ಸಿಕ್ಕಿದ್ದು, 19ನೇ ಕ್ಲಬ್ ಆಗಿ 2028ರಲ್ಲಿ ಸೇರಬೇಕೆಂದು ನಿಗದಿಯಾಗಿದೆ. ಗೋಲ್ಡ್ ಕೋಸ್ಟ್ ಮತ್ತು ಜಿಡಬ್ಲ್ಯೂಎಸ್ ಬಂದಾಗ 2010 ಮತ್ತು 2011ರ ಡ್ರಾಫ್ಟ್‌ಗಳಲ್ಲಿ ಆರಂಭದ ಪಿಕ್‌ಗಳಲ್ಲಿ ಹೆಚ್ಚಿನವು ಹೊಸಬರ ಪಾಲಾದವು. ಆಗ ತಂಡವನ್ನು ಹೊಸದಾಗಿ ಕಟ್ಟಲು ಹೊರಟಿದ್ದ ಹಳೆಯ ಕ್ಲಬ್‌ಗಳು ಬಡವಾದವು. ಆದ್ದರಿಂದ ಎಳೆಯರನ್ನು ಸೇರಿಸುವ ಕೆಲಸವನ್ನು ಟಾಸ್ಮೇನಿಯಾ ಬರುವ ಮೊದಲೇ ಮುಗಿಸುವುದು ಲೇಸು. ನಿಮ್ಮ ಶಾಲಾ ತಂಡಕ್ಕೆ ಡ್ರಾಫ್ಟ್ ಇಲ್ಲವಾದರೂ ಹಾಳೆ ಉಪಯೋಗಕ್ಕೆ ಬರುತ್ತದೆ: ಈ ವರ್ಷ ಹತ್ತನೆಯ ತರಗತಿ ಮುಗಿಸುವ ಗೋಲ್‌ಕೀಪರ್ ಹಿಂದೆ ಎಂಟನೆಯ ತರಗತಿಯಲ್ಲಿ ಯಾರಿದ್ದಾರೆ ಎಂಬುದನ್ನು ಅದರಲ್ಲಿ ಮೊದಲು ನೋಡಿ.

ಪ್ರಶ್ನೆ: ಕೊನೆಗೆ ನಿಂತವರಿಗೆ ಮೊದಲ ಪಿಕ್ ಎಂದಾದರೆ ಬೇಕೆಂದೇ ಸೋಲುವುದಿಲ್ಲವೇ? (ಕುಶಾಲನಗರ)

ಉತ್ತರ: ಆ ಸಂಶಯ ಹಳೆಯದು. ಮೆಲ್ಬರ್ನ್ ಕ್ಲಬ್‌ನ 2009ರ ಆಟದ ಮೇಲೆ ತನಿಖೆ ನಡೆದು, ಬೇಕೆಂದೇ ಸೋತದ್ದು ಸಾಬೀತಾಗದಿದ್ದರೂ 2013ರಲ್ಲಿ ಲೀಗ್ 5 ಲಕ್ಷ ಡಾಲರ್ ದಂಡ ಹಾಕಿತು. 2009ರಲ್ಲಿ ಕ್ಲಬ್ ಮೊದಲ ಎರಡೂ ಪಿಕ್‌ಗಳನ್ನು ಪಡೆದಿತ್ತು. ಮೊದಲನೆಯವನಾಗಿ ಬಂದ ಟಾಮ್ ಸ್ಕಲ್ಲಿ ಎರಡೇ ಋತುಗಳಲ್ಲಿ ಜಿಡಬ್ಲ್ಯೂಎಸ್‌ಗೆ ಹೊರಟರು. 2021ರಲ್ಲಿ 57 ವರ್ಷಗಳ ನಂತರ ಕ್ಲಬ್‌ಗೆ ಕಪ್ ತಂದ ನಾಯಕ ಮ್ಯಾಕ್ಸ್ ಗಾನ್ ಅದೇ 2009ರ ಡ್ರಾಫ್ಟ್‌ನಲ್ಲಿ 34ನೇ ಪಿಕ್ ಆಗಿ ಬಂದವರು.

ಪ್ರಶ್ನೆ: ನಮ್ಮ ಕಡೆಯ ಹುಡುಗನೊಬ್ಬ ಇಂಥ ಕ್ಲಬ್ ಸೇರಲು ದಾರಿ ಇದೆಯೇ? (ಗೋಣಿಕೊಪ್ಪ)

ಉತ್ತರ: ಇದೆ, ಕಿರಿದು. ಈ ಆಟವನ್ನೇ ಆಡದ ಬೇರೆ ಕ್ರೀಡೆಯವರನ್ನು ಡ್ರಾಫ್ಟ್‌ನ ಸರದಿ ಇಲ್ಲದೆ ರೂಕಿಗಳಾಗಿ (ಹೊಸ ಕಲಿಕೆಯ ಆಟಗಾರರಾಗಿ) ಸೇರಿಸಿಕೊಳ್ಳಲು ಕ್ಲಬ್‌ಗಳಿಗೆ ಅವಕಾಶವಿದೆ. ಐರ್ಲೆಂಡ್‌ನ ಗೇಲಿಕ್ ಫುಟ್‌ಬಾಲ್ ಆಟಗಾರ ಟೈಗ್ ಕೆನೆಲಿ 2005ರಲ್ಲಿ ಸಿಡ್ನಿ ಪರವಾಗಿ ಕಪ್ ಗೆದ್ದರು. ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಮೇಸನ್ ಕಾಕ್ಸ್ 2023ರ ಕಾಲಿಂಗ್‌ವುಡ್ ತಂಡದಲ್ಲಿದ್ದರು. ಕ್ಲಬ್‌ಗಳು ಹೊರದೇಶಗಳಲ್ಲಿ ಹುಡುಕುವುದು ಹೆಚ್ಚಾಗಿ ತೀರಾ ಎತ್ತರದವರನ್ನು, ಇಲ್ಲವೇ ಓಡುತ್ತಲೇ ಚೆಂಡನ್ನು ಒದ್ದು ಹಿಡಿದು ಪಳಗಿದವರನ್ನು. ಹಾಕಿ ಆಟಗಾರನ ಓಟ, ಎದುರಾಳಿಯನ್ನು ತಪ್ಪಿಸುವ ಚುರುಕು ಅಲ್ಲಿ ನಡೆಯುತ್ತದೆ. ಮೊಟ್ಟೆಯಾಕಾರದ ಚೆಂಡನ್ನು ಒದೆಯುವುದನ್ನು ಮಾತ್ರ ಮೊದಲಿನಿಂದ ಕಲಿಯಬೇಕು. ಮೆಲ್ಬರ್ನ್‌ಗೆ ಓದಲು ಹೋಗುವ ಹುಡುಗನಿದ್ದರೆ ಅಲ್ಲಿನ ಯಾವುದಾದರೂ ಉಪನಗರದ ಸ್ಥಳೀಯ ಕ್ಲಬ್‌ನಲ್ಲಿ ಹೆಸರು ಕೊಡಲಿ. ಆದರೆ ಅಲ್ಲಿ ನೋಂದಾಯಿತ ಆಟಗಾರನಾಗಿ ಆಡಿದರೆ ಹೊರಗಿನವರಿಗಿರುವ ಈ ರೂಕಿ ದಾರಿ ಮುಚ್ಚಿಹೋಗಿ, ಎಲ್ಲರಂತೆ ಡ್ರಾಫ್ಟ್‌ನಲ್ಲೇ ಸಾಲು ನಿಲ್ಲಬೇಕಾಗಬಹುದು ಎಂಬುದನ್ನು ತಿಳಿದಿರಲಿ.