ನೂರು ದೊಡ್ಡದೋ, ಇನ್ನೂರು ದೊಡ್ಡದೋ?

ಪ್ರಶ್ನೆ: ಡಾಕ್ಟ್ರೇ, ನನ್ ಮಗಳಿಗೆ ಏಳು ವರ್ಷ, ಅಸ್ತಮಾ ಇದೆ. ಒಂದು ವರ್ಷದಿಂದ ದಿನಕ್ಕೆ ಇನ್ಹೇಲರಲ್ಲಿ ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್ 200 ಮೈಕ್ರೋಗ್ರಾಂ ತಗೋತಿದ್ಳು, ಈಗ ಬೇರೆ ಡಾಕ್ಟ್ರು ಅದರ ಬದಲು ಫ್ಲುಟಿಕಾಸೋನ್ ಪ್ರೊಪಿಯೊನೇಟ್ 100 ಬರ್ಕೊಟ್ಟಿದಾರೆ. ಡೋಸ್ ಅರ್ಧ ಮಾಡ್ಬಿಟ್ರಲ್ಲ ಅಂತ ನಂಗೆ ಭಯ, ಇದು ಜಾಸ್ತಿ ಸ್ಟ್ರಾಂಗ್ ಅಂತೆ ಮಗು ಕುಳ್ಳಿ ಆಗ್ತಾಳೆ ಅಂತ ನಮ್ಮತ್ತೆಗೆ ಭಯ. ಯಾವ್ದು ಒಳ್ಳೇದು?

ಉತ್ತರ: ನೋಡಿಮ್ಮಾ, ಡೋಸ್ ಅರ್ಧ ಆಗಿಲ್ಲ. ಮೈಕ್ರೋಗ್ರಾಂ ಲೆಕ್ಕದಲ್ಲಿ ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಹೆಚ್ಚುಕಮ್ಮಿ ಎರಡರಷ್ಟು ಗಟ್ಟಿ, ಅದ್ರ 100 ಬುಡೆಸೊನೈಡ್‌ನ 200ಕ್ಕೆ ಸಮ, ನಿಮ್ಮ ಮಗಳ ವಯಸ್ಸಿಗೆ ಎರಡೂ ಕಮ್ಮಿ ಡೋಸೇ. ಫ್ಲುಟಿಕಾಸೋನ್ ಫ್ಯೂರೋಯೇಟ್ ಅಂತ ಇನ್ನೊಂದಿದೆ, ಅದ್ರ ಲೆಕ್ಕಾನೇ ಬೇರೆ, ಹಾಗಾಗಿ ಡಬ್ಬಿ ಮೇಲೆ ಪೂರ್ತಿ ಹೆಸರು ಓದಿ ತಗೊಳ್ಳಿ.

ನಿಮ್ಮತ್ತೆ ಹೇಳೋದು ಪೂರ್ತಿ ಸುಳ್ಳಲ್ಲ. ಅಮೆರಿಕ ಕೆನಡಾದಲ್ಲಿ ಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ನಾಲ್ಕಾರು ವರ್ಷ ಕೊಟ್ಟು, ಅವರು ದೊಡ್ಡೋರಾದ್ಮೇಲೆ ಅಳೆದು ನೋಡಿದ್ರು, 2012ರಲ್ಲಿ ಬಂದ ಲೆಕ್ಕದ ಪ್ರಕಾರ ಔಷಧಿ ಇಲ್ಲದ ಇನ್ಹೇಲರ್ ಎಳೆದೋರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಮ್ಮಿ ಇದ್ರು, ಅದೂ ಮೊದಲ ಒಂದೆರಡು ವರ್ಷದಲ್ಲೇ ಆದ ವ್ಯತ್ಯಾಸ, ವರ್ಷ ವರ್ಷ ಕೂಡ್ಕೊಂಡು ಹೋಗಿಲ್ಲ. ನಿಮ್ಮ ಮಗಳು ತಗೊಳ್ತಿದ್ದದ್ದು ಅದರರ್ಧ. ಇನ್ಹೇಲರ್ ಬಿಟ್ಟು ಉಬ್ಬಸ ಜೋರಾಗಿ ಪದೇ ಪದೇ ಸ್ಟೀರಾಯ್ಡ್ ಸಿರಪ್ ಕುಡಿಸೋ ಹಾಗಾದ್ರೆ ಅದು ಮೈಗೆಲ್ಲಾ ಹೋಗತ್ತೆ, ನಂಗೆ ಭಯ ಆಗೋದು ಅದಕ್ಕೆ.

ಯಾವ್ದು ಒಳ್ಳೇದು ಅಂದ್ರೆ, ಸಮ ಡೋಸಲ್ಲಿ ಅಂಥಾ ದೊಡ್ಡ ಫರಕೇನಿಲ್ಲ, ಶ್ವಾಸಕೋಶಕ್ಕೆ ಯಾವ್ದು ಸರಿಯಾಗಿ ಹೋಗತ್ತೋ ಅದೇ ಒಳ್ಳೇದು. ನನ್ನ ಹತ್ರ ಬರೋರಿಗೆ ಎಳೆದು ತೋರ್ಸಿ ಅಂತೀನಿ, ಎರಡು ಪಫ್ ಒಟ್ಟಿಗೆ ಒತ್ತಿಬಿಡ್ತಾರೆ, ಮಗು ತುಟಿ ಮುಚ್ಚಿರಲ್ಲ, ಔಷಧಿ ಬಾಯಿ ಪಕ್ಕದಿಂದ ಬಿಳಿ ಹೊಗೆ ಥರ ಹೊರಗೆ! ಡೋಸ್ ಬಗ್ಗೆ ತಲೆ ಕೆಡಿಸ್ಕೊಳ್ಳೋ ಮುಂಚೆ ಇದನ್ನ ನೋಡ್ಬೇಕು. ಒತ್ತೋ ಇನ್ಹೇಲರ್ ಆದ್ರೆ ಸ್ಪೇಸರ್, ಅಂದ್ರೆ ಇನ್ಹೇಲರ್‌ಗೂ ಬಾಯಿಗೂ ಮಧ್ಯೆ ಹಾಕೋ ಕೊಳವೆ, ಬೇಕೇ ಬೇಕು: ಅಲ್ಲಾಡಿಸಿ, ಒಂದೇ ಪಫ್ ಒತ್ತಿ, ಐದಾರು ಸಲ ನಿಧಾನಕ್ಕೆ ಉಸಿರಾಡ್ಲಿ, ಆಮೇಲೆ ಇನ್ನೊಂದು. ಪುಡಿ ಎಳೆಯೋದಾದ್ರೆ ಸ್ಪೇಸರ್ ಬೇಡ, ಆದ್ರೆ ಜೋರಾಗಿ ಎಳೀಬೇಕು. ಎರಡರಲ್ಲೂ ಆಮೇಲೆ ಬಾಯಿ ಮುಕ್ಕಳಿಸಿ ಉಗುಳ್ಬೇಕು, ಇಲ್ದಿದ್ರೆ ನಾಲಗೆ ಮೇಲೆ ಬಿಳಿ ಬಿಳಿ ಫಂಗಸ್ ಬರಬಹುದು. ಪ್ಲಾಸ್ಟಿಕ್ ಸ್ಪೇಸರನ್ನ ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಕ್ಕೆ ಬಿಡಿ, ಬಟ್ಟೆಯಲ್ಲಿ ಉಜ್ಜಿದ್ರೆ ಸ್ಟ್ಯಾಟಿಕ್ ಬಂದು ಔಷಧಿಯೆಲ್ಲಾ ಗೋಡೆಗೇ ಅಂಟ್ಕೊಳ್ಳತ್ತೆ.

ಎರಡ್ಮೂರು ತಿಂಗಳು ಆದ್ಮೇಲೆ ಡಾಕ್ಟ್ರಿಗೆ ತೋರ್ಸಿ, ಚೆನ್ನಾಗಿದ್ರೆ ಅವ್ರೇ ಕಮ್ಮಿ ಮಾಡಬಹುದು, ನೀವಾಗೇ ನಿಲ್ಲಿಸ್ಬೇಡಿ. ಅಷ್ಟರೊಳಗೇ ಸಾಲ್ಬ್ಯುಟಮಾಲ್ (ಉಬ್ಬಸ ಬಂದಾಗ ತಕ್ಷಣಕ್ಕೆ ಎಳೆಯೋ ಔಷಧಿ) ಪದೇ ಪದೇ ಬೇಕಾಗ್ತಿದ್ರೆ, ರಾತ್ರಿ ಕೆಮ್ಮಿ ಕೆಮ್ಮಿ ಏಳ್ತಿದ್ರೆ ಕಾಯ್ಬೇಡಿ, ಬೇಗ ಹೋಗಿ. ಎತ್ತರ ಅಳೆಯೋ ಕೆಲಸ ಅತ್ತೆಗೇ ಕೊಡಿ, ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ತಾರೀಖು ಬರೀಲಿ.