ಸಡ್‌ಬರಿಯ ವೇಸೈಡ್ ಇನ್ ನಿಜವಾಗಲೂ 1716ರದ್ದಾ?

ಅಮೆರಿಕದ ಬಾಸ್ಟನ್ ಹತ್ತಿರ ಸಡ್‌ಬರಿ ಊರಿನಲ್ಲಿರುವ ಈ ಇನ್ (ದಾರಿಹೋಕರಿಗೆ ಊಟ, ವಸತಿ ಕೊಡುವ ಮನೆ) ಅಸಲಿ ಹಳೆಯದಾ, ಇಲ್ಲ ಹಳೇ ಕಾಲದ ಹಾಗೆ ಕಟ್ಟಿದ್ದಾ, ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ತೋರಿಸಬಹುದಾ ಅಂತ ಕೇಳಿದ್ದೀರಿ. ತೋರಿಸಿ. ಅಸಲಿಯೂ ಹೌದು, ಕಟ್ಟಿದ್ದೂ ಹೌದು.

ನಾನು ಈ ಕಡೆಯೇ ಇರುವುದು. ಆಶ್‌ಲ್ಯಾಂಡ್‌ನ ಲಕ್ಷ್ಮಿ ದೇವಸ್ಥಾನಕ್ಕೆ ಹೋದ ದಿನ ಮನೆಯವರನ್ನೆಲ್ಲ ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. "ಹಳೇ ಛತ್ರ" ಅಂತ ಹೇಳಿದ್ದೇ ತಪ್ಪಾಯಿತು. ಅಮ್ಮ ಒಳಗೆ ಕಾಲಿಟ್ಟಕೂಡಲೇ ಕಂಡದ್ದು ಬಾರು! ನಮ್ಮ ಛತ್ರಗಳಂತೆ ಇದು ಪುಣ್ಯಕ್ಕೆ ಕಟ್ಟಿಸಿದ್ದಲ್ಲ, ವ್ಯಾಪಾರ. 1716ರಲ್ಲಿ ಡೇವಿಡ್ ಹೌ ಅನ್ನುವವನು ತನ್ನ ಎರಡು ಕೋಣೆಯ ಮನೆಯಲ್ಲೇ ದಾರಿಹೋಕರಿಗೆ ಊಟ, ಹಾಸಿಗೆ, ಕುಡಿತ ಕೊಡೋಕೆ ಪರವಾನಗಿ ಪಡೆದ. ಮುಂದೆ ಹಾದುಹೋಗುತ್ತಿದ್ದದ್ದು ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಟಪಾಲು ಹೋಗುತ್ತಿದ್ದ ರಸ್ತೆ. ಗಿರಾಕಿಗಳಿಗೆ ಬರವಿರಲಿಲ್ಲ. ಅದೇ ಮನೆತನದವರು ನಾಲ್ಕು ತಲೆಮಾರು, 1861ರವರೆಗೆ ನಡೆಸಿದರು.

ಹಳೆಯ ಬಾರ್ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ತಗ್ಗಿದ ಚಾವಣಿ, ಹೊಗೆ ಹಿಡಿದು ಕಪ್ಪಾದ ತೊಲೆಗಳು. ಬಾರ್ ಕಟ್ಟೆಯ ಮೇಲೆ ಮರದ ಸರಳುಗಳ ಜಾಲರಿ ಇದೆ. ಅದನ್ನು ಕೆಳಗಿಳಿಸಿದರೆ ಅಂಗಡಿ ಬಂದ್. ನಮ್ಮ ಪೆಟ್ಟಿಗೆ ಅಂಗಡಿಯ ಶಟರ್ ಇದ್ದ ಹಾಗೆ, ಅಲ್ವಾ?

ಆಗೆಲ್ಲ ಇದು ಹೌ ಟ್ಯಾವರ್ನ್, ಅಂದರೆ ಹೌ ಮನೆತನದವರ ಊಟ, ಕುಡಿತದ ಮನೆ. ಕವಿ ಲಾಂಗ್‌ಫೆಲೋ 1862ರಲ್ಲಿ ಇಲ್ಲಿಗೆ ಬಂದು, ಮರುವರ್ಷ 'ಟೇಲ್ಸ್ ಆಫ್ ಎ ವೇಸೈಡ್ ಇನ್' (ರಸ್ತೆಬದಿಯ ಇನ್‌ನ ಕಥೆಗಳು) ಪ್ರಕಟಿಸಿದ. ಪುಸ್ತಕದ ಹೆಸರೇ ಆಮೇಲೆ ಮನೆಗೂ ಬಂತು.

ಇನ್ನು ನಿಮ್ಮ "ಕಟ್ಟಿದ್ದಾ" ಅನ್ನುವ ಅನುಮಾನ. 1923ರಲ್ಲಿ ಕಾರು ಕಂಪನಿಯ ಹೆನ್ರಿ ಫೋರ್ಡ್ ಇದನ್ನು ಕೊಂಡ. ಸುತ್ತಲಿನ ಜಮೀನನ್ನೂ ಕೊಳ್ಳುತ್ತಾ ಹೋದ. ಸ್ಟರ್ಲಿಂಗ್ ಊರಿನ ಹಳೇ ಶಾಲೆಯನ್ನು ತಂದು ಇಲ್ಲಿ ನಿಲ್ಲಿಸಿದ. ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ, ಬಿಳಿ ಚರ್ಚು ಎರಡೂ ಅವನೇ ಕಟ್ಟಿಸಿದ್ದು: ಗಿರಣಿ 1929ರದ್ದು, ಚರ್ಚು 1940ರದ್ದು. ಅಂದರೆ ಫೋಟೋಗಳಲ್ಲಿ ಜಾಸ್ತಿ "ಹಳೇದು" ಅನ್ನಿಸುವ ಆ ಗಿರಣಿಯೇ ಹೊಸದು! ಇನ್ನೊಂದು ತಮಾಷೆ: ದೇಶಕ್ಕೆಲ್ಲ ಕಾರು ಮಾರಿದ ಈ ಮನುಷ್ಯ, ಕಾರುಗಳ ಕಾಟ ತಪ್ಪಲಿ ಅಂತ ಹೆದ್ದಾರಿಯನ್ನೇ ಇನ್‌ನಿಂದ ದೂರ ಮಾಡಿಸಿದ. ಹಾಗಾಗಿ ರಸ್ತೆಬದಿಯ ಇನ್ ಈಗ ರಸ್ತೆಬದಿಯಲ್ಲಿಲ್ಲ.

1955ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು ಬಹಳಷ್ಟು ಸುಟ್ಟುಹೋಯಿತು. ಫೋರ್ಡ್ ಫೌಂಡೇಶನ್ ದುಡ್ಡಿನಲ್ಲಿ ದುರಸ್ತಿಯಾಗಿ 1958ರಲ್ಲಿ ಮತ್ತೆ ತೆರೆಯಿತು. ಆದ್ದರಿಂದ "ಅಮೆರಿಕದ ಅತ್ಯಂತ ಹಳೆಯ ಇನ್" ಅನ್ನುವ ಜಂಬದ ಮಾತನ್ನು ನಾನಂತೂ ಪೂರ್ತಿ ನುಂಗುವುದಿಲ್ಲ. ಜಾಗ ಹಳೇದು, ಕಸುಬು ಹಳೇದು, ಮರದಲ್ಲಿ ಒಂದಷ್ಟು ಹಳೇದು.

ಅಮ್ಮನಿಗೆ ಹಿಡಿಸಿದ್ದು ಗಿರಣಿ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಇಷ್ಟು ದೊಡ್ಡ ಕಲ್ಲಿಗೆ ಇಷ್ಟು ತರಿಯಾ?" ಅಂದರು. ಆದರೂ ಒಂದು ಚೀಲ ತೆಗೆದುಕೊಂಡರು. ಚಪಾತಿಗೆ ಸುಮಾರಾಗಿತ್ತು. ಚಳಿಗಾಲದಲ್ಲಿ ಗಿರಣಿ ತಿರುಗಲ್ಲ, ಮೇ ನಂತರ ಹೋಗಿ. ಒಳಗೆ ಮೆಟ್ಟಿಲು, ಹೊಸ್ತಿಲು ಜಾಸ್ತಿ. ಅಪ್ಪನಿಗೆ ಮಂಡಿನೋವಿದ್ದರೆ ಕೆಳಗಿನ ಕೋಣೆಗಳಷ್ಟೇ ಸಾಕು.